ಮೂಗುಬೊಟ್ಟು ತೆಗೆಸದ ಡಾಕ್ಟರು

ಹಿರಿಯೂರಿನ ಅಕ್ಕಸಾಲಿ ಮೌನಾಚಾರಿ ಚಿನ್ನಕ್ಕೆ ಅಳತೆ ಮೀರಿ ತಾಮ್ರ ಬೆರೆಸಿದ, ಆ ತಾಮ್ರದ ಕಿಲುಬಿನಿಂದ ಕೊಬ್ಬರಿ ಮಂಡಿ ರುದ್ರಪ್ಪನವರ ಹೆಂಡತಿಯ ಮೂಗು ಕೊಳೆಯಿತು ಎಂದು ಊರಿಗೆ ಊರೇ ನಂಬಿತ್ತು. ನಂಬಿಸಿದವನು ನಾನು. ಅದು ಸುಳ್ಳೆಂದು ತಿಳಿದ ದಿನವೂ ನಾನು ಬಾಯಿ ಬಿಡಲಿಲ್ಲ — ಆಮೇಲೂ ಬಿಡಲಿಲ್ಲ — ಮೌನಾಚಾರಿ ಬದುಕಿರುವ ತನಕ ಬಿಡಲಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನಂಥ ಮುದುಕರು ಪೀಠಿಕೆ ಹಾಕುತ್ತ ಹಾಕುತ್ತ ಅಸಲು ಮಾತಿಗೆ ಬರುವಷ್ಟರಲ್ಲಿ ಕೇಳುವವರು ಎದ್ದುಹೋಗಿರುತ್ತಾರೆ. ಕೆಲವು ಸಲ ಹೇಳುವವನೇ ಹೋಗಿರುತ್ತಾನೆ.

ಆಗ ನನಗೆ ವಯಸ್ಸು ಚಿಕ್ಕದು, ರುಮಾಲು ದೊಡ್ಡದು. ಮಾರಿಕಣಿವೆಯ ಅಣೆಕಟ್ಟೆ ಆಗಷ್ಟೇ ಎದ್ದು ನಿಂತು, ಸುತ್ತಲ ಜನ ಗಾಡಿ ಕಟ್ಟಿಕೊಂಡು ಬುತ್ತಿ ಸಮೇತ ಅದನ್ನು ನೋಡಲು ಹೋಗುತ್ತಿದ್ದ ಕಾಲ. ಮಹಾರಾಜರ ಘನ ಸರ್ಕಾರ ನನ್ನನ್ನು ಹಿರಿಯೂರಿನ ಔಷಧಾಲಯಕ್ಕೆ ನೇಮಿಸಿತ್ತು. ಔಷಧಾಲಯವೆಂದರೆ ಹೆಂಚಿನ ಎರಡು ಕೋಣೆ, ಒಂದು ಜಗಲಿ, ಜಗಲಿಯ ಮೇಲೊಂದು ಬೆಂಚು. ಒಳಗೆ ಮೂರು ದೊಡ್ಡ ಬಾಟಲಿ — ಒಂದರಲ್ಲಿ ಕೆಂಪು ಔಷಧ, ಒಂದರಲ್ಲಿ ಬಿಳಿ ಔಷಧ, ಮೂರನೆಯದು ಖಾಲಿ, ಗೌರವಕ್ಕೆ ಇಟ್ಟದ್ದು. ತಾಲ್ಲೂಕಿನ ಆರೋಗ್ಯವೆಲ್ಲ ಈ ಮೂರರ ಆಧಾರದ ಮೇಲೆ ನಿಂತಿತ್ತು. ಜವನಗೊಂಡನಹಳ್ಳಿಯಿಂದ ಎತ್ತು ದಣಿಸಿಕೊಂಡು ಬಂದವರಿಗೆ ಬಿಳಿಯದನ್ನು ಕೊಟ್ಟರೆ ಒಪ್ಪುತ್ತಿರಲಿಲ್ಲ. ಇಷ್ಟು ದೂರ ಬಂದದ್ದಕ್ಕೆ ಕೆಂಪೇ ಆಗಬೇಕು.

ಈಗ ನೆನೆದರೆ ಆ ಊರು ಮೊದಲು ಮೂಗಿಗೇ ಬರುತ್ತದೆ. ಬೆಳಗಿನ ಹೊತ್ತು ವೇದಾವತಿಯ ಒದ್ದೆ ಮರಳಿನ ವಾಸನೆ, ಪೇಟೆಗೆ ಬಂದರೆ ಬಿಸಿಲಿಗೆ ಹರಡಿದ ಕೊಬ್ಬರಿಯ ವಾಸನೆ, ಅಕ್ಕಸಾಲಿಗರ ಬೀದಿಗೆ ತಿರುಗಿದರೆ ಇದ್ದಿಲ ಹೊಗೆ, ಅದರೊಳಗೆ ಮೌನಾಚಾರಿಯ ನಶ್ಯ. ಹೆಸರು ಮೌನಾಚಾರಿಯಾದರೂ ಮನುಷ್ಯ ಬೆಳಗಿನಿಂದ ದೀಪ ಹಚ್ಚುವವರೆಗೆ ಮಾತು. ಊದುಗೊಳವೆ ಬಾಯಲ್ಲಿದ್ದಾಗ ಮಾತ್ರ ತಂದೆತಾಯಿ ಇಟ್ಟ ಹೆಸರಿಗೆ ಮರ್ಯಾದೆ. ಊರಿನ ಹೆಣ್ಣುಮಕ್ಕಳ ಮೂಗೆಲ್ಲ ಚುಚ್ಚಿದ್ದು ಅವನೇ. ಮಗುವನ್ನು ಎದುರಿಗೆ ಕೂರಿಸಿಕೊಂಡು ಗಿಣಿಯ ಕತೆ ಶುರುಮಾಡುತ್ತಿದ್ದ. ಗಿಣಿ ಅತ್ತೆಯ ಮನೆಯಿಂದ ಹಾರಿಹೋಗುವ ಕಡೆಗೆ ಬಂದಾಗ ಮಗು ನಗುತ್ತಿತ್ತು, ಆ ನಗುವಿನ ನಡುವೆ ಚಿನ್ನದ ತಂತಿ ಆಚೆಗೆ ಬಂದಿರುತ್ತಿತ್ತು. ಅಳು ಬರುವ ಹೊತ್ತಿಗೆ ಕೈಯಲ್ಲಿ ಬೆಲ್ಲ. ನನ್ನನ್ನು ಕಂಡರೆ ಅವನಿಗೆ ಒಂದು ಸಲಿಗೆ. ಡಬ್ಬಿಯಿಂದ ಚಿಟಿಕೆ ನಶ್ಯ ಕೊಟ್ಟು, “ನೀವು ಮೂಗು ನೋಡೋರು, ನಾನು ಮೂಗು ಚುಚ್ಚೋನು, ಇಬ್ರದೂ ಒಂದೇ ಕುಲ ಸ್ವಾಮಿ” ಎನ್ನುತ್ತಿದ್ದ. ನಾನು ಸರ್ಕಾರಿ ಗಾಂಭೀರ್ಯದಿಂದ ಸೀನುತ್ತಿದ್ದೆ.

ಅವನು ಚುಚ್ಚುವುದು ನಿಜವಾಗಿತ್ತು. ನಾನು ನೋಡುವುದು — ಅದನ್ನೇ ಈಗ ಹೇಳಬೇಕಾಗಿದೆ.

ರುದ್ರಪ್ಪನವರ ಹೆಂಡತಿ ಸಿದ್ದಮ್ಮ ಕಮಾನುಗಾಡಿಯಲ್ಲಿ ಅತ್ತೆಯ ಜೊತೆ ಬಂದರು. ಮಕ್ಕಳು ಸಣ್ಣವು, ಆಕೆಗೂ ಅಂಥ ವಯಸ್ಸಲ್ಲ. ನೆಗಡಿ ಬಿಡುತ್ತಿಲ್ಲ, ಎಡಗಡೆಯ ಹೊಳ್ಳೆ ಕಟ್ಟಿದೆ, ಬೆಳಿಗ್ಗೆ ಮುಖ ತೊಳೆಯುವಾಗ ಅದೇ ಹೊಳ್ಳೆಯಿಂದ ರಕ್ತ ಬೀಳುತ್ತದೆ ಎಂದರು. ಹಿಂದಿನ ದೀಪಾವಳಿಗೆ ಮೌನಾಚಾರಿ ಮಾಡಿಕೊಟ್ಟ ಹೊಸ ಮೂಗುಬೊಟ್ಟು ಆ ಹೊಳ್ಳೆಯಲ್ಲೇ ಇತ್ತು.

ಬೆಂಗಳೂರಿನಲ್ಲಿ ನನಗೆ ವಿದ್ಯೆ ಕಲಿಸಿದ ಗುರುಗಳು ಮೇಜು ಗುದ್ದಿ ಒಂದು ಮಾತು ಹೇಳಿದ್ದರು. ಎರಡೂ ಹೊಳ್ಳೆ ಕಟ್ಟಿದರೆ ನೆಗಡಿ ಇರಬಹುದು. ಒಂದೇ ಹೊಳ್ಳೆ ಕಟ್ಟಿ, ಅದೊಂದರಿಂದಲೇ ರಕ್ತ ಬಂದರೆ, ಒಳಗೆ ನೋಡದೆ ರೋಗಿಯನ್ನು ಮನೆಗೆ ಕಳಿಸಬೇಡ. ನೋಡುವ ಸಾಮಾನು ನನ್ನಲ್ಲಿತ್ತು — ಹಣೆಗೆ ಕಟ್ಟುವ, ನಡುವೆ ತೂತಿರುವ ದುಂಡು ಕನ್ನಡಿ, ಹೊಳ್ಳೆಯನ್ನು ಅಗಲಿಸುವ ಸಣ್ಣ ಇಕ್ಕಳ. ಇಕ್ಕಳ ಹೋಗಬೇಕಾದರೆ ಬೊಟ್ಟು ಬರಬೇಕು. ಅದರ ಒಳಗಡೆಯ ತಿರುಪು ಅಡ್ಡ. ತೆಗೆಯಿರಿ ಎಂದೆ. ಅತ್ತೆ ನನ್ನನ್ನು ರುಮಾಲಿನಿಂದ ಜೋಡಿನವರೆಗೆ ಒಮ್ಮೆ ನೋಡಿದರು.

“ಡಾಕ್ಟ್ರಪ್ಪ, ನನ್ನ ಮಗ ಹೊರಗೆ ಬೆಂಚಿನ ಮ್ಯಾಲೆ ಗುಂಡುಕಲ್ಲಿನಂಗೆ ಕುಂತವ್ನೆ. ಬೊಟ್ಟು ತೆಗಿ ಅಂತ ಹೆಂಗಂತೀಯ?”

ಇದಕ್ಕೆ ಉತ್ತರ ನನಗೆ ಗೊತ್ತಿತ್ತು. ಅದನ್ನು ಮುಚ್ಚಿಟ್ಟರೆ ಈ ನಿವೇದನೆಯೂ ಅರ್ಧ ಸುಳ್ಳಾದೀತು. ಮುತ್ತೈದೆಯ ಮೂಗು ಬರಿದಿರಬಾರದು ಎಂಬುದಷ್ಟೇ ರೂಢಿ. ಬೊಟ್ಟು ತೆಗೆದು ಆ ತೂತಿಗೆ ಒಂದು ಬೇವಿನ ಕಡ್ಡಿ ಸೇರಿಸಿದರೆ ಯಾವ ದೋಷವೂ ಇಲ್ಲ. ನಮ್ಮ ತಾಯಿ ಎಷ್ಟೋ ಸಲ ಹಾಗೆ ಮಾಡಿದ್ದನ್ನು ಕಂಡಿದ್ದೆ. ಕಡ್ಡಿಯೇನು ತೆಳ್ಳಗೆ, ಇಕ್ಕಳಕ್ಕೆ ದಾರಿ ಬಿಡುತ್ತಿತ್ತು. ಬೇವಿನ ಮರ ಔಷಧಾಲಯದ ಅಂಗಳದಲ್ಲೇ ಇತ್ತು. ‘ಅಮ್ಮ, ಕಡ್ಡಿ ಇಟ್ಟು ನೋಡುತ್ತೇನೆ’ — ಇಷ್ಟು ಅಂದಿದ್ದರೆ —

ಅನ್ನಲಿಲ್ಲ. ಸಂಕೋಚವೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸಂಕೋಚವಲ್ಲ. ಆ ಕನ್ನಡಿಯನ್ನು ಹಣೆಗೆ ಕಟ್ಟಿಕೊಂಡರೆ ನನ್ನ ಬೆಳಕು ರೋಗಿಯ ಮೂಗು ಬಿಟ್ಟು ಗೋಡೆ, ತೊಲೆ, ಹಲ್ಲಿ ಎಲ್ಲವನ್ನೂ ಪರೀಕ್ಷಿಸುತ್ತಿತ್ತು. ಕೈ ಇನ್ನೂ ಪಳಗಿರಲಿಲ್ಲ. ಹಿರಿಯೂರಿನ ದೊಡ್ಡ ಮನೆಯ ಹೆಂಗಸರ ಮುಂದೆ ಅದು ಬಯಲಾದೀತೆಂದು ಹೆದರಿದೆ. ಅತ್ತೆ ಬೇಡವೆಂದಾಗ ನನಗೆ ಆದದ್ದು ನಿರಾಸೆಯಲ್ಲ, ಸಮಾಧಾನ.

ಆದರೂ ಏನಾದರೊಂದು ಹೇಳಬೇಕಲ್ಲ. ಡಾಕ್ಟರು ಸುಮ್ಮನಿದ್ದರೆ ಸಂಬಳಕ್ಕೆ ಅರ್ಥವೇನು. ಬೊಟ್ಟಿನ ಸುತ್ತ ಚರ್ಮ ಕೆಂಪಗಾಗಿತ್ತು. ಆಕೆ ದಿನವೂ ಮೂಗು ಒರೆಸಿ ಒರೆಸಿ ಕೆಂಪಾಗಿದ್ದದ್ದು. ನಾನು ಕಣ್ಣು ಕಿರಿದು ಮಾಡಿ, ಗಂಟಲು ಸರಿಮಾಡಿಕೊಂಡು, ಹೈಕೋರ್ಟಿನ ಜಡ್ಜಿನ ಧಾಟಿಯಲ್ಲಿ ತೀರ್ಪು ಕೊಟ್ಟೆ: “ಚಿನ್ನದಲ್ಲಿ ತಾಮ್ರ ಹೆಚ್ಚಾಗಿದೆ. ಕಿಲುಬು ಒಳಗೆ ಇಳಿದಿದೆ.”

ಹಚ್ಚಲು ಮುಲಾಮು ಕೊಟ್ಟೆ. ಕುಡಿಯಲು ಕೆಂಪು ಔಷಧ.

ಅವರ ಮನೆಯಲ್ಲಿ ಪಂಚಾಂಗ ನೋಡಿಸಿ, ಒಳ್ಳೆಯ ದಿನ ಹಿಡಿದು, ಬೊಟ್ಟು ತೆಗೆದು ಬೇವಿನ ಕಡ್ಡಿ ಇಟ್ಟರಂತೆ. ಡಾಕ್ಟರು ಕೇಳಿದಾಗ ಆಗದ ಕೆಲಸ ಪಂಚಾಂಗ ಕೇಳಿದಾಗ ಆಯಿತು. ಚಿತ್ರದುರ್ಗದಿಂದ ಹೊಸ ಬೊಟ್ಟು ಬರುವ ತನಕ ಆ ಮೂಗು ನನ್ನ ಇಕ್ಕಳಕ್ಕೆ ತೆರೆದೇ ಇತ್ತು. ಇದು ಕಿವಿಗೆ ಬಿದ್ದೂ ನಾನು ಹೋಗಲಿಲ್ಲ. ರಕ್ತ ತರಿಸಿದ ಒಡವೆಯನ್ನು ಕರಗಿಸಬಾರದು, ಮನೆಯಲ್ಲೂ ಇಡಬಾರದು ಎಂದು ಹಳೆಯ ಬೊಟ್ಟನ್ನು ವೇದಾವತಿಗೆ ಬಿಟ್ಟರು. ಹೀಗಾಗಿ ಅದನ್ನು ಒರೆಗಲ್ಲಿಗೆ ಉಜ್ಜಿ ನೋಡುವ ದಾರಿಯೂ ಮುಚ್ಚಿತು. ನನ್ನ ತೀರ್ಪಿನ ಮೇಲೆ ಅಪೀಲು ಉಳಿಯಲಿಲ್ಲ.

ಹೊಸ ಬೊಟ್ಟು ಬಂದರೂ ರಕ್ತ ನಿಲ್ಲಲಿಲ್ಲ. ವಿಷ ಇಳಿಯಲು ಕಾಲ ಬೇಕು ಎಂದೆ. ಸುಳ್ಳಿಗೆ ಒಂದು ಸಲ ಮನೆ ಕಟ್ಟಿಕೊಟ್ಟರೆ ಜಗಲಿ ತಾನಾಗಿಯೇ ಎದ್ದುಕೊಳ್ಳುತ್ತದೆ.

ಊರು ಮೌನಾಚಾರಿಯನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಅವನ ಅಂಗಡಿ ದಾಟಿ ಬೀದಿಯ ಕೊನೆಯ ಅಂಗಡಿಗೆ ಹೋಗತೊಡಗಿದರು, ಅಷ್ಟೇ. ಒಂದು ದಿನ ಅವನು ಔಷಧಾಲಯಕ್ಕೆ ಬಂದ. ಬೆಂಚಿನ ಮೇಲೆ ಕೂರಲಿಲ್ಲ, ಮೆಟ್ಟಿಲ ಮೇಲೆ ಕೂತ. ಹೆಗಲ ಮೇಲಿನ ವಸ್ತ್ರವನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

“ತಾಮ್ರ ಐತೆ ಅಂದೋರು ನೀವೇನಾ ಸ್ವಾಮಿ?”

“ವೈದ್ಯಶಾಸ್ತ್ರ ಹಾಗೆ ಹೇಳುತ್ತದೆ, ಆಚಾರ್ರೇ.”

ಯಾವ ಶಾಸ್ತ್ರವೂ ಹಾಗೆ ಹೇಳಿರಲಿಲ್ಲ. ಆದರೆ ಶಾಸ್ತ್ರವೆಂಬ ಮಾತು ಬಿದ್ದ ಮೇಲೆ ಅವನು ಮತ್ತೆ ಕೇಳಲಿಲ್ಲ. ಕೈ ಮುಗಿದು ಎದ್ದುಹೋದ. ಜಗಳವಾಡುತ್ತಾನೆಂದು ನಾನು ಉತ್ತರಗಳನ್ನು ಸಿದ್ಧಮಾಡಿಕೊಂಡಿದ್ದೆ. ಒಂದೂ ಬೇಕಾಗಲಿಲ್ಲ.

ಬೇಸಿಗೆಯ ಹೊತ್ತಿಗೆ ಸಿದ್ದಮ್ಮನ ಎಡಗೆನ್ನೆ ಜೋಮು ಹಿಡಿಯಿತು. ಕಣ್ಣಲ್ಲಿ ಸದಾ ನೀರು. ರೊಟ್ಟಿ ಮುರಿದು ತಿನ್ನುವಾಗ ಮೇಲಿನ ಗಟ್ಟಿ ಹಲ್ಲೊಂದು ನೋವಿಲ್ಲದೆ ತಟ್ಟೆಗೆ ಬಿತ್ತು. ಆ ಹಲ್ಲನ್ನು ರುದ್ರಪ್ಪನವರು ಕಾಗದದಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟಾಗ, ಗುರುಗಳು ಮೇಜು ಗುದ್ದಿದ್ದು ನನಗೆ ಕೇಳಿಸಿತು. ಬೆಂಗಳೂರಿಗೆ ಹೋಗೋಣ, ನಾನೂ ಬರುತ್ತೇನೆ ಎಂದೆ. ರುದ್ರಪ್ಪನವರು ನನ್ನ ಕೈ ಹಿಡಿದುಕೊಂಡರು. ಇಂಥ ಡಾಕ್ಟರು ಯಾವ ತಾಲ್ಲೂಕಿಗೂ ಸಿಗುವುದಿಲ್ಲ ಎಂದು ಪೇಟೆಯಲ್ಲೆಲ್ಲ ಹೇಳಿದರಂತೆ.

ಗಾಡಿಯಲ್ಲಿ ಹೊಸದುರ್ಗ ದಾಟಿ ಹೊಸದುರ್ಗ ರೋಡ್ ಸ್ಟೇಷನ್ನಿಗೆ ಹೋದೆವು. ಆ ಸ್ಟೇಷನ್ನಿಗೂ ಆ ಊರಿಗೂ ಇರುವ ಸಂಬಂಧ ದೂರದ ದಾಯಾದಿಗಳದ್ದು — ಹೆಸರು ಒಂದೇ, ಮುಖ ನೋಡುವುದಿಲ್ಲ. ಸಿದ್ದಮ್ಮ ಮೊದಲ ಸಲ ರೈಲು ಹತ್ತಿದ್ದು. ಕಿಟಕಿಯ ಹತ್ತಿರ ಕೂತು, ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತ, ತಂತಿಕಂಬಗಳು ಓಡುವುದನ್ನು ನೋಡಿ ನೋಡಿ ನಕ್ಕರು. ನಾನು ಆ ನಗುವನ್ನು ಕಾಣದವನಂತೆ ವರ್ತಮಾನ ಪತ್ರಿಕೆ ಹಿಡಿದುಕೊಂಡಿದ್ದೆ.

ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಸರ್ಜನ್ನರು ಒಂದು ಮಾತನ್ನೂ ಹೆಚ್ಚು ಆಡುವವರಲ್ಲ. ಬೊಟ್ಟು ತೆಗೆಯಿರಿ ಎಂದರು, ನರ್ಸಮ್ಮ ತೆಗೆದು ರುದ್ರಪ್ಪನವರ ಅಂಗೈಯಲ್ಲಿಟ್ಟು ಅವರನ್ನು ಹೊರಗೆ ಕಳಿಸಿದಳು, ಆಕಾಶ ಬೀಳಲಿಲ್ಲ. ಕನ್ನಡಿಯ ಬೆಳಕು ಒಂದೇ ಸಲಕ್ಕೆ ಹೊಳ್ಳೆಯೊಳಗೆ ಹೋಗಿ ನಿಂತಿತು. ಆಮೇಲೆ ಬಾಗಿಲು ಕಿಟಕಿ ಮುಚ್ಚಿ ಕೋಣೆಯನ್ನು ಕತ್ತಲೆ ಮಾಡಿ, ಸಿದ್ದಮ್ಮನ ಬಾಯೊಳಗೆ ಒಂದು ಸಣ್ಣ ವಿದ್ಯುತ್ ದೀಪವಿಟ್ಟು ತುಟಿ ಮುಚ್ಚಿಸಿದರು. ನಮ್ಮ ಕಡೆಯವರು ವಿದ್ಯುತ್ ದೀಪವನ್ನು ಬೀದಿಯಲ್ಲೇ ಕಂಡಿರಲಿಲ್ಲ. ಇದು ಮನುಷ್ಯನ ಬಾಯೊಳಗೆ. ಬಲಗೆನ್ನೆ ದಾಸವಾಳದ ಹಾಗೆ ಕೆಂಪಗೆ ಬೆಳಗಿತು. ಎಡಗೆನ್ನೆ ಹೊತ್ತಲೇ ಇಲ್ಲ. ಮುಖದ ಅರ್ಧಕ್ಕೆ ಯಾರೋ ಮಣ್ಣಿನ ಹೆಂಟೆ ಮೆತ್ತಿದ ಹಾಗೆ.

ಕೆನ್ನೆಯ ಎಲುಬಿನೊಳಗೆ ಗಾಳಿ ಆಡುವ ಒಂದು ಪೊಳ್ಳು ಜಾಗ ಇರುತ್ತದೆ. ರೋಗ ಅಲ್ಲಿ ಹುಟ್ಟಿ, ಅದನ್ನು ತುಂಬಿ, ಒಂದು ಕಡೆ ಮೂಗಿಗೆ ಇಳಿದು, ಇನ್ನೊಂದು ಕಡೆ ಹಲ್ಲಿನ ಬೇರು ತಿಂದಿತ್ತು. ಮೂಗಿನಿಂದ ಒಂದು ಚೂರು ಮಾಂಸ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಕ್ಯಾನ್ಸರ್ ಎಂದು ಖಚಿತ ಮಾಡಿದರು. ಔಷಧದಿಂದ ಹೋಗುವುದಲ್ಲ, ಕ್ಲೋರೋಫಾರಂ ಕೊಟ್ಟು, ಮೂಗಿನ ಪಕ್ಕದಲ್ಲಿ ಕೊಯ್ದು, ಆ ಕಡೆಯ ಮೇಲ್ದವಡೆಯನ್ನೇ ತೆಗೆಯಬೇಕು ಎಂದರು. ಆಮೇಲೆ ನನ್ನ ಕಡೆ ತಿರುಗಿ, ಮೊದಲು ನೋಡಿದವರು ಯಾರು ಎಂದರು. ನಾನು ಎಂದೆ. ಏನು ಕಂಡಿತು ಎಂದರು. ನಾನು ಲೋಹದ ಕಿಲುಬಿನ ವಿಚಾರ ತೆಗೆದೆ. ಬೊಟ್ಟು ಚರ್ಮವನ್ನು ಕೆರಳಿಸಬಹುದು, ಎಲುಬಿನೊಳಗೆ ಕೂತು ಹೀಗೆ ಬೆಳೆಯುವುದಿಲ್ಲ, ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ ಎಂದು ಅವರು ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದರು. ರಕ್ತ ಕಾಣಿಸಿದ ಹೊತ್ತಿಗೇ ಬಂದಿದ್ದರೆ ಇಷ್ಟು ಕತ್ತರಿಸಬೇಕಾಗಿರಲಿಲ್ಲ, ಇಷ್ಟು ಕತ್ತರಿಸಿಯೂ ಅನುಮಾನದಲ್ಲಿ ಇರಬೇಕಾಗಿರಲಿಲ್ಲ ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಉಪಕಾರವಾಗುತ್ತಿತ್ತು.

ಹೊರಗೆ ಪಡಸಾಲೆಯಲ್ಲಿ ರುದ್ರಪ್ಪನವರು ಆ ಹೊಸ ಬೊಟ್ಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಿದ್ದರು. ದವಡೆಯ ವಿಷಯ ಹೇಳಿದೆ. ಮುಷ್ಟಿ ಬಿಚ್ಚಿ ಬೊಟ್ಟು ನೋಡಿದರು. ಆಮೇಲೆ ಕೇಳಿದರು: “ಎಲ್ಲಾ ಆ ಆಚಾರಿ ತಾಮ್ರದಿಂದ್ಲೇ ಅಲ್ವಾ ಸ್ವಾಮಿ?”

ಸತ್ಯ ನನ್ನ ನಾಲಿಗೆಯ ಮೇಲೆ ಆಗತಾನೆ ಬಂದು ಕೂತಿತ್ತು, ಇನ್ನೂ ಬಿಸಿಯಾಗಿ. ಅದನ್ನು ಹೇಳಿದರೆ ಮುಂದಿನ ಪ್ರಶ್ನೆ — ಹಾಗಾದರೆ ನೀವು ಏನು ನೋಡಿದಿರಿ —

“ಅದೂ ಒಂದು ಕಾರಣವಿರಬಹುದು,” ಎಂದೆ.

ಹಿರಿಯೂರಿನಲ್ಲಿ ನಾನು ಆಡಿದ್ದು ತಪ್ಪು. ಬೆಂಗಳೂರಿನಲ್ಲಿ ಆಡಿದ್ದು ತಪ್ಪಲ್ಲ. ಅದಕ್ಕೆ ಬೇರೆ ಹೆಸರಿದೆ, ಅದನ್ನು ಆಡುವವರನ್ನು ನಾನು ಜೀವಮಾನವೆಲ್ಲ ತಿರಸ್ಕಾರದಿಂದ ನೋಡಿದ್ದೇನೆ.

ಸಿದ್ದಮ್ಮ ಉಳಿದು ಬಂದರು. ಎಡಗೆನ್ನೆ ಒಳಗೆ ಕುಸಿದಿತ್ತು. ಅಂಗುಳಿನ ತೂತಿಗೆ ಬಟ್ಟೆಯ ಮೆತ್ತೆ ಇಟ್ಟುಕೊಂಡರೆ ಮಾತ್ರ ಗಂಜಿ ಮೂಗಿಗೆ ಹೋಗದೆ ಗಂಟಲಿಗೆ ಹೋಗುತ್ತಿತ್ತು. ಮಾತು ಗುಂಯ್ ಎನ್ನುತ್ತಿತ್ತು. ಸೆರಗು ಮರೆಮಾಡಿಕೊಂಡೇ ಆಕೆ ಒಂದು ಸಲ ಅಂದರು: “ಮುಂಚೆ ನಮ್ಮತ್ತೆ ನನ್ನ ಮಾತು ಕೇಳ್ತಿರಲಿಲ್ಲ. ಈಗ ಪಾಪ, ಕೇಳಿದ್ರೂ ತಿಳಿಯಕಿಲ್ಲ.” ಅತ್ತೆ ನಕ್ಕರು, ನಗುತ್ತಲೇ ಒಳಗೆ ಎದ್ದುಹೋದರು. ಬರುಬರುತ್ತಾ ಕಣ್ಣಿನ ಕೆಳಗೆ ಮತ್ತೆ ಗಂಟು ಕಾಣಿಸಿತು. ಮತ್ತೆ ಕತ್ತರಿಸಲು ಜಾಗವಿರಲಿಲ್ಲ. ಈಗೇನೋ ರೇಡಿಯಂ ಎಂಬುದು ಬಂದಿದೆಯಂತೆ, ಆಗ ನಮ್ಮ ಸೀಮೆಯಲ್ಲಿ ಅದರ ಹೆಸರೂ ಇರಲಿಲ್ಲ. ನೋವಿಗೆ ಅಫೀಮಿನ ಹನಿ ಹಾಕಲು ನಾನು ಹೋಗುತ್ತಿದ್ದೆ. ಕೊನೆಗಾಲದಲ್ಲಿ ಒಂದು ಮಧ್ಯಾಹ್ನ ಗಂಡನನ್ನು ಹತ್ತಿರ ಕರೆದು, ಆಚಾರಿಗೆ ಶಾಪ ಹಾಕಬೇಡ್ರಿ, ಅವನು ಬೇಕೂಂತ ಮಾಡಿದ್ದಲ್ಲ, ನನ್ನ ಹಣೇಲಿ ಬರೆದದ್ದು ಎಂದರು. ತಪ್ಪು ಮಾಡದವನನ್ನು ಆಕೆ ಕ್ಷಮಿಸಿದರು. ಮಾಡಿದವನು ಪಕ್ಕದಲ್ಲಿ ಕೂತು ನಾಡಿ ಹಿಡಿದಿದ್ದ.

ಆಕೆ ಹೋದ ಮೇಲೆ ಮೌನಾಚಾರಿ ಮೂಸೆ, ಚಿಮ್ಮಟ, ಹೆಂಡತಿ, ಮಗನನ್ನು ಗಾಡಿಗೆ ಹೇರಿಕೊಂಡು ಶ್ರೀರಾಂಪುರಕ್ಕೆ ಹೊರಟುಹೋದ. ನನಗೆ ಹೊಳಲ್ಕೆರೆಗೆ ವರ್ಗವಾಯಿತು, ಅಲ್ಲಿಂದ ಚಿತ್ರದುರ್ಗಕ್ಕೆ, ಮೇಲಿನ ಹುದ್ದೆಗೆ. ಕನ್ನಡಿ ಹಿಡಿಯುವುದನ್ನು ಕಲಿತೆ. ಎಲ್ಲ ಮೂಗುಗಳನ್ನೂ ನೋಡಿದೆ, ಬೇಡವೆಂದವರಿಗೂ ಬೇವಿನ ಕಡ್ಡಿ ಇಟ್ಟು ನೋಡಿದೆ. ಇದನ್ನು ಪ್ರಾಯಶ್ಚಿತ್ತವೆಂದು ಯಾರೂ ತಿಳಿಯಬಾರದು. ಅದು ಸಂಬಳದ ಕೆಲಸ.

ಎಷ್ಟೋ ವರ್ಷದ ಮೇಲೆ ಸಿಡುಬಿನ ದಾಕು ಹಾಕಿಸುವ ಕೆಲಸ ನೋಡಲು ಶ್ರೀರಾಂಪುರಕ್ಕೆ ಹೋದಾಗ ಅವನೇ ನನ್ನನ್ನು ಗುರುತು ಹಿಡಿದ. “ಬರ್ರಿ ಸ್ವಾಮಿ, ಕುಂತ್ಕಳ್ರಿ” ಎಂದು ಚಾಪೆ ಹಾಸಿದ. ಕಾಲ್ಗಡಗ, ಉಡಿದಾರ, ಬರೀ ಬೆಳ್ಳಿ ಕೆಲಸ ಮಾಡುತ್ತಿದ್ದ. ಮೂಗು ಚುಚ್ಚುವುದನ್ನು ಬಿಟ್ಟಿದ್ದ. ಮಾತು ಕಡಿಮೆಯಾಗಿತ್ತು. ಊರು, ಮಳೆ, ಮಗನ ಮದುವೆ ಎಲ್ಲ ಆದ ಮೇಲೆ, ಕೆಂಡವನ್ನು ಕೆದಕುತ್ತ, ನನ್ನ ಮುಖ ನೋಡದೆ ಹೇಳಿದ:

“ಚಿನ್ನ ಚೊಕ್ಕನೇ ಸ್ವಾಮಿ, ದೇವರಾಣೆ. ಆದ್ರೆ ಬೆಸುಗೇಗೆ ಒಂಚೂರು ತಾಮ್ರ ಹಾಕ್ಲೇಬೇಕು. ಅವತ್ತು ಕೈ ಜಾಸ್ತಿ ಬಿದ್ದಿರಬೌದು. ನೀವು ಕಂಡು ಹೇಳಿದ್ರಿ. ಆ ತಾಯೀನ ನಾನೇ ತಿಂದೆ.”

ಊರು ಅವನನ್ನು ಅಪರಾಧಿ ಎಂದಿತ್ತು, ಅದು ನನಗೆ ಗೊತ್ತಿತ್ತು. ಅವನೂ ಹಾಗೆಂದುಕೊಂಡಿದ್ದಾನೆ ಎಂಬುದು ಗೊತ್ತಿರಲಿಲ್ಲ. ನನ್ನ ಮಾತಿಗೆ ಒಂದು ಕಾರಣವಿರಲೇಬೇಕೆಂದು ನಂಬಿ, ಇಲ್ಲದ ಕಾರಣವನ್ನು ತನ್ನ ಕೈಯೊಳಗೇ ಹುಡುಕಿಕೊಂಡಿದ್ದ. ಅವತ್ತು ಅಂಗಡಿಯಲ್ಲಿ ನಾವಿಬ್ಬರೇ. ಅಪೀಲು ಇಲ್ಲ, ರುದ್ರಪ್ಪನವರಿಲ್ಲ, ಮೇಲಧಿಕಾರಿಯಿಲ್ಲ. ನಾನು ಅವನ ಭುಜ ತಟ್ಟಿ, “ಆದದ್ದು ಆಯಿತು ಬಿಡಿ ಆಚಾರ್ರೇ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ” ಎಂದೆ. ಎಂಥ ಔದಾರ್ಯ. ಅವನ ಕಣ್ಣಲ್ಲಿ ನೀರು ಬಂತು, ನನ್ನ ದೊಡ್ಡತನಕ್ಕೆ.

ಈಗ ಚಿತ್ರದುರ್ಗಕ್ಕೇ ರೈಲು ಬಂದಿದೆ. ನಾನು ಪಿಂಚಣಿಯ ಮೇಲಿದ್ದೇನೆ. ಮೌನಾಚಾರಿ ತೀರಿಕೊಂಡ ಸುದ್ದಿ ಯಾರೋ ಮಾತಿಗೆ ಮಾತು ಬಂದು ಹೇಳಿದರು, ಬಹಳ ತಡವಾಗಿ. ಹೋದ ವಾರ ಶ್ರೀರಾಂಪುರಕ್ಕೆ ಹೋದೆ. ಅಂಗಡಿಯಲ್ಲಿ ಮಗ ವೀರಭದ್ರಾಚಾರಿ ಕೂತಿದ್ದ; ಎದುರಿಗೆ ಒಬ್ಬ ತಾಯಿ, ಮೂಗು ಚುಚ್ಚಿಸಲು ತಂದ ಮಗು. “ನಮ್ಮ ಮನೆ ಕೈಗೆ ಮೂಗು ಆಗಿಬರಕಿಲ್ಲ ಕಣಮ್ಮ, ಹೊಸದುರ್ಗಕ್ಕೆ ಕರ್ಕಂಡು ಹೋಗು” ಎನ್ನುತ್ತಿದ್ದ. ರೂಢಿಯ ಮಾತು ಆಡುವಂತೆ ಆಡಿದ, ದುಃಖವೇನೂ ಇಲ್ಲದೆ. ಚಿಕ್ಕಂದಿನಿಂದ ಕೇಳಿದ ಮಾತು. ಅವನ ಮಕ್ಕಳೂ ಅದನ್ನೇ ಹೇಳುತ್ತಾರೆ.

ತಾಯಿ ಮಗು ಹೋದ ಮೇಲೆ ಎಲ್ಲವನ್ನೂ ಹೇಳಿದೆ. ಕನ್ನಡಿ, ಬೇವಿನ ಕಡ್ಡಿ, ಬೆಂಗಳೂರಿನ ಕತ್ತಲೆ ಕೋಣೆ, ಪಡಸಾಲೆ — ಈ ಅಂಗಡಿಯಲ್ಲೇ ಅವನ ತಂದೆಯ ಭುಜ ತಟ್ಟಿದ್ದು. ಅವನು ಚಿಮ್ಮಟ ಕೆಳಗಿಡದೆ ಕೇಳಿದ. ಬೈಯುತ್ತಾನೆಂದು ಕಾದೆ. ಕೊನೆಗೆ, ನನಗಿಂತ ಕೆಂಡಕ್ಕೆ ಹೇಳುವವನಂತೆ ಹೇಳಿದ:

“ನನಗೆ ಹೇಳಿದ್ರೆ ಏನು ಬಂತು ಸ್ವಾಮಿ. ನಾವು ಊರು ಬಿಟ್ಟಿದ್ದು ಹಿರಿಯೂರಿನೋರ ಬಾಯಿಗೆ. ಅಲ್ಲಿ ಹೋಗಿ ಹೇಳ್ರಿ.”

ಬರುವ ಸಂತೆಗೆ ಹಿರಿಯೂರಿಗೆ ಹೋಗುತ್ತಿದ್ದೇನೆ. ರುದ್ರಪ್ಪನವರು ಇನ್ನೂ ಇದ್ದಾರೆ. ಮಂಡಿಯಲ್ಲಿ ಮಗನ ಪಕ್ಕ ದಿಂಬಿಗೆ ಒರಗಿ ಕೂರುತ್ತಾರಂತೆ. ಹೆಂಡತಿ ಉಳಿಯಬಹುದಾಗಿತ್ತು ಎಂಬುದನ್ನು ಈ ವಯಸ್ಸಿನಲ್ಲಿ ಅವರು ನನ್ನ ಬಾಯಿಂದ ಕೇಳಬೇಕು. ಅದನ್ನು ಬಿಟ್ಟು ಆಚಾರಿಯ ಹೆಸರನ್ನಷ್ಟೇ ತೊಳೆಯುವ ಉಪಾಯವಿದೆಯೇ ಎಂದು ಬಹಳ ಹುಡುಕಿದೆ. ಇಲ್ಲ. ನಾಲ್ಕು ಜನರ ನಡುವೆ ಬೇಡ, ಅವರ ಕಿವಿಯಲ್ಲಿ ಮೆಲ್ಲಗೆ ಹೇಳಿ ಬಂದರಾಗದೆ ಎಂದೂ ಯೋಚಿಸಿದೆ. ವಿಚಾರಿಸಿದೆ. ಕಿವಿ ಪೂರಾ ಮಂದವಂತೆ. ಸಂತೆಯ ಗದ್ದಲದಲ್ಲಂತೂ ಕೂಗಿದರೆ ಮಾತ್ರ ಕೇಳುತ್ತದಂತೆ.

ಕೂಗುತ್ತೇನೆ.